ಕೀಲು ಕಂಡುಹಿಡಿದವರು

ನಮ್ಮೂರು ಎಮ್ಮೆದೊಡ್ಡಿಯ ಕಡೆ ಜೋಳದ ಕಟಾವು ಮುಗಿದ ಮೇಲೆ ದಂಟು ಬಣವೆ ಸೇರುವ ಮೊದಲು ಒಂದಿಷ್ಟು ಮಕ್ಕಳ ಪಾಲಿಗೆ ಬರುತ್ತಿತ್ತು. ಚೆನ್ನಾಗಿ ಒಣಗಿದ ದಂಟು ಆರಿಸಿ, ಗಿಣ್ಣಿನ ಹತ್ತಿರ ಮುರಿದು, ಹಲ್ಲಿನಲ್ಲೇ ಮೇಲಿನ ಸಿಬಿರು ಸುಲಿದರೆ ಒಳಗೆ ಹಗುರವಾದ ಬಿಳಿ ಬೆಂಡು. ಸಿಬಿರು ಗಟ್ಟಿ, ಚೂಪು. ಬೆಂಡು ಮೆತ್ತಗೆ. ಸಿಬಿರನ್ನು ಬೆಂಡಿಗೆ ಚುಚ್ಚಿದರೆ ಬೆಂಡು ಅದನ್ನು ಕಚ್ಚಿ ಹಿಡಿಯುತ್ತದೆ. ಮೊಳೆ ಬೇಡ, ಅಂಟು ಬೇಡ, ದಾರವೂ ಬೇಡ. ಹೀಗೆ ಮೂಕಿ ಆಯಿತು, ನೊಗ ಆಯಿತು, ಗಾಡಿಯ ಮೈ ಆಯಿತು. ಬೆರಳಿಗೆ ಸಿಬಿರು ಹೊಕ್ಕು ರಕ್ತ ಬಂದರೆ ಬಾಯಲ್ಲಿಟ್ಟು ಚೀಪಿ ಮತ್ತೆ ಕೆಲಸಕ್ಕೆ ಕೂರುವುದು. ಎತ್ತು ಮಾಡುವಾಗ ಮಾತ್ರ ತುಸು ಹೆಚ್ಚು ನಿಗಾ. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರ ನಮಗೆ ದೂರವಲ್ಲ. ಆ ದನಗಳ ಹಾಗೆ ಹಿಂದಕ್ಕೆ ಬಾಗಿ ಮೇಲೆದ್ದು ಚೂಪಾಗುವ ಕೊಂಬಿಲ್ಲದಿದ್ದರೆ ಅದು ಎತ್ತೇ ಅಲ್ಲ. ಸಿಬಿರನ್ನು ಉಗುರಿನಲ್ಲಿ ಸವರಿ ಸವರಿ ಬಾಗಿಸಿ ಆ ಕೊಂಬನ್ನು ತರಬೇಕಿತ್ತು.

ಈ ಗಾಡಿಯನ್ನು ಮೊದಲು ಮಾಡಿದವರು ಯಾರು? ಆ ಹೆಸರು ಯಾರೂ ಬರೆದಿಡಲಿಲ್ಲ. ಆಟಿಕೆ ಕಂಡುಹಿಡಿದವರ ಕಥೆ ಓದುವಾಗಲೆಲ್ಲ ನನ್ನ ಕೈಬೆರಳು ಆ ಬೆಂಡನ್ನೇ ನೆನೆಯುತ್ತದೆ. ಓದುತ್ತ ಹೋದಂತೆ ಒಂದು ಮಾತು ನನಗೆ ಖಾತ್ರಿಯಾಗಿದೆ. ಗೊಂಬೆಯನ್ನೋ ಬಂಡಿಯನ್ನೋ ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಹರಪ್ಪದ ಮಕ್ಕಳಿಗೂ ಮಣ್ಣಿನ ಬಂಡಿ ಇತ್ತು. ಹೊಸದಾಗಿ ಕಂಡುಹಿಡಿದದ್ದು ಎರಡು ತುಂಡನ್ನು ಕೂಡಿಸುವ ಬಗೆಯನ್ನು, ಅಂದರೆ ಕೀಲನ್ನು.

ಅಮೆರಿಕದಲ್ಲಿ ಚಾರ್ಲ್ಸ್ ಪಜೋ ಎಂಬ ಕಲ್ಲುಕೆಲಸದವನು ಮಕ್ಕಳು ದಾರದ ಖಾಲಿ ಉರುಳೆಗಳ ತೂತಿಗೆ ಪೆನ್ಸಿಲ್ ಚುಚ್ಚಿ ಏನೇನೋ ಕಟ್ಟುವುದನ್ನು ನೋಡಿದ. ಅದರಿಂದ 1914ರ ಹೊತ್ತಿಗೆ ಟಿಂಕರ್‌ಟಾಯ್ ಹುಟ್ಟಿತು: ಮರದ ಚಕ್ರ, ಅದರ ಅಂಚಿನ ಸುತ್ತ ತೂತು, ತೂತಿಗೆ ಕೂರುವ ಕಡ್ಡಿ. ನಮ್ಮ ಬೆಂಡು–ಸಿಬಿರಿನ ಅಣ್ಣತಮ್ಮನೇ ಅದು. ಕಂಡುಹಿಡಿದದ್ದು ಮಕ್ಕಳು, ಹೆಸರು ಉಳಿದದ್ದು ನೋಡಿದವನದು. ಅವನನ್ನು ಹಳಿಯುವ ಮನಸ್ಸು ನನಗಿಲ್ಲ. ಮಕ್ಕಳ ಆಟವನ್ನು ನಿಂತು ನೋಡುವ ದೊಡ್ಡವರು ಎಷ್ಟು ಮಂದಿ ಇದ್ದಾರೆ?

ಅದಕ್ಕೂ ಮೊದಲು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ತನ್ನ ಗಂಡುಮಕ್ಕಳಿಗಾಗಿ ಲೋಹದ ಪಟ್ಟಿ ಕತ್ತರಿಸಿ, ಅರ್ಧ ಅಂಗುಲಕ್ಕೊಂದು ತೂತು ಕೊರೆದು, ನಟ್ಟು ಬೋಲ್ಟಿನಿಂದ ಕ್ರೇನು ಕಟ್ಟಿಕೊಟ್ಟಿದ್ದ. 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮುಂದೆ ಅದೇ ಮೆಕ್ಯಾನೊ. ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ ಮರದ ಆಟಿಕೆ ಮಾಡಲು ಕೂತ. ಲೆಗೊ ಶುರುವಾದದ್ದು ಅಲ್ಲಿಂದ. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು ಆಮೇಲೆ, ಅದೂ ಹಿಲರಿ ಫಿಷರ್ ಪೇಜ್ ಎಂಬ ಇಂಗ್ಲೆಂಡಿನವನ ಇಟ್ಟಿಗೆಯನ್ನು ನೋಡಿ. ಆದರೆ ಮೊದಲ ಇಟ್ಟಿಗೆಗಳು ಒಂದರ ಮೇಲೊಂದು ಕೂರುತ್ತಿದ್ದವೇ ಹೊರತು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಒಳಗೆ ಟೊಳ್ಳು ಕೊಳವೆ ಇಟ್ಟು, ಕೆಳಗಿನ ಇಟ್ಟಿಗೆಯ ಗುಬುಟನ್ನು ಅದು ಕಚ್ಚುವಂತೆ ಮಾಡಿದ ಮೇಲೆ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹೋಯಿತು. ಲೋಕವೆಲ್ಲ ಇವತ್ತು ಆಡುವುದು ಆ ಕೊಳವೆಯ ಹಿಡಿತದಿಂದ. ಪೇಜ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ.

ಬುಡಾಪೆಸ್ಟಿನ ಮೇಷ್ಟ್ರು ಎರ್ನೊ ರೂಬಿಕ್ 1974ರಲ್ಲಿ ತಲೆಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ. ತುಂಡುಗಳು ಎಲ್ಲ ದಿಕ್ಕಿಗೂ ತಿರುಗಬೇಕು, ಆದರೆ ಕಳಚಿ ಬೀಳಬಾರದು. ಮೊದಲು ಮರದ ತುಂಡಿಗೆ ರಬ್ಬರ್ ಬ್ಯಾಂಡ್ ಹಾಕಿ ನೋಡಿದ, ಅದು ಹರಿಯಿತು. ತುಂಡುಗಳೇ ಒಂದನ್ನೊಂದು ಹಿಡಿದುಕೊಳ್ಳುವ ಕೀಲು ಸಿಕ್ಕಿತು. ಬಣ್ಣ ಬಳಿದು ತಿರುಗಿಸಿದ ಮೇಲೆ, ತನ್ನದೇ ಘನವನ್ನು ಮೊದಲಿನಂತೆ ಜೋಡಿಸಲು ಅವನಿಗೆ ಒಂದು ತಿಂಗಳು ಹಿಡಿಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಹೆಸರು ಉಳಿದವರಲ್ಲಿ ದೊಡ್ಡವರು ಮುಮ್ಮಡಿ ಕೃಷ್ಣರಾಜ ಒಡೆಯರು. ಗಂಜೀಫಾ ಎಲೆಯಾಟಗಳನ್ನೇ 13 ಬಗೆಯಲ್ಲಿ ರೂಪಿಸಿದರು. ಚಾಮುಂಡೇಶ್ವರಿ ಚದ ಎಂಬುದಕ್ಕೆ 320 ಎಲೆ. ಶ್ರೀತತ್ತ್ವನಿಧಿ ಗ್ರಂಥದಲ್ಲಿ ಇವೆಲ್ಲ ದಾಖಲಾದದ್ದರಿಂದ ಉಳಿದವು. ಅರಮನೆಗೆ ಬರೆಸುವ ಅನುಕೂಲವಿತ್ತು, ಕಸುಬಿನವರ ಓಣಿಗೆ ಇರಲಿಲ್ಲ.

ಚನ್ನಪಟ್ಟಣದ ಕಥೆಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಟಿಪ್ಪು ಸುಲ್ತಾನ್ ಅಲ್ಲಿನವರಿಗೆ ಗೊಂಬೆ ಮಾಡುವ ಕಸುಬು ಕಲಿಸಿದ ಎಂಬ ಮಾತು ಊರಲ್ಲೆಲ್ಲ ಇದೆ. ಕಲಿಸಿದವರ, ಕಲಿತವರ ಹೆಸರು ಮಾತ್ರ ಇಲ್ಲ. ಆಮೇಲೆ ಒಂದೇ ಒಂದು ಹೆಸರು ಗಟ್ಟಿಯಾಗಿ ಕೇಳಿಬರುತ್ತದೆ: ಬಾವಾಸ್ ಮಿಯಾ. ಜಪಾನಿನ ಗೊಂಬೆ ಮಾಡುವ ತಂತ್ರವನ್ನು ಅಳವಡಿಸಿ ಊರಿನವರಿಗೆ ಕಲಿಸಿದ ಅವರನ್ನು ಚನ್ನಪಟ್ಟಣದ ಗೊಂಬೆಯ ಪಿತಾಮಹ ಎನ್ನುತ್ತಾರೆ. ಇಂಥವರ ಬದುಕಿನ ಬಗ್ಗೆ ಕನ್ನಡದಲ್ಲಿ ದಪ್ಪನೆಯ ಪುಸ್ತಕ ಇರಬೇಕಿತ್ತು ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಅಲ್ಲಿನ ಕೆಲಸವನ್ನು ಹತ್ತಿರ ಕೂತು ನೋಡಬೇಕು. ಹಾಲೆಮರದ ತುಂಡು ತಿಂಗಳುಗಟ್ಟಲೆ ಒಣಗಿರುತ್ತದೆ. ಅದು ಲೇತಿಗೆ ಸಿಕ್ಕಿ ಗಿರ್ರನೆ ತಿರುಗುವಾಗ ಉಳಿ ತಾಗಿದರೆ ಬೆಣ್ಣೆಯ ಹಾಗೆ ಸುರುಳಿ ಏಳುತ್ತದೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಕುಂಚವಿಲ್ಲ, ಬೆಂಕಿಯಿಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಕೊನೆಗೆ ಒಣ ತಾಳೆಗರಿ ಒತ್ತಿದರೆ ಮುಖ ಕಾಣುವಷ್ಟು ಹೊಳಪು. ಮರಕ್ಕೂ ಬಣ್ಣಕ್ಕೂ ಬಿಸಿಯೇ ಕೀಲು. ಲೇತಿನಲ್ಲಿ ಬರುವುದೆಲ್ಲ ದುಂಡಗಿರುವುದರಿಂದ ಗೊಂಬೆಯ ತಲೆ ದುಂಡು, ಮೈ ದುಂಡು, ಕಾಲೂ ದುಂಡು. ತೂತು ಕೊರೆದು ಗೂಟ ಕೂರಿಸಿ ಅವನ್ನು ಕೂಡಿಸುತ್ತಾರೆ. 2007ರಲ್ಲಿ ಬಣ್ಣದಲ್ಲಿ ಸೀಸವಿದೆಯೆಂದು ದೊಡ್ಡ ಕಂಪನಿಗಳ ಆಟಿಕೆಗಳನ್ನು ಲಕ್ಷಗಟ್ಟಲೆ ವಾಪಸು ಪಡೆದಾಗ, ಅರಿಶಿನ, ನೀಲಿಗಿಡಗಳಿಂದ ತೆಗೆದ ಬಣ್ಣದ ಬೆಲೆ ಏನೆಂದು ಹೊರಗಿನವರಿಗೂ ಗೊತ್ತಾಯಿತು. ಅಷ್ಟರಲ್ಲಿ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತೂ ಸಿಕ್ಕಿತ್ತು. ಆ ಗುರುತು ಸಿಗುವುದು ಊರಿಗೆ, ಒಬ್ಬ ಮನುಷ್ಯನಿಗಲ್ಲ. ನಮ್ಮ ಕಸುಬುಗಳಿಗೆ ಇದೇ ಸರಿಯಾದ ಲೆಕ್ಕ ಎಂದು ನಾನು ನಂಬುತ್ತೇನೆ.

ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದ ತುಂಡುಗಳನ್ನು ಚಿತ್ರಗಾರ ಮನೆತನದವರು ಅಂಟಿನಿಂದ ಕೂಡಿಸಿ, ಹುಣಸೆಬೀಜದ ಸರಿಗೆ ಮರದ ಹೊಟ್ಟು ಬೆರೆಸಿ ಉಬ್ಬು ತುಂಬುತ್ತಾರೆ. ಅದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕಾರ್ಖಾನೆಗಳ ಸಂಕೀರ್ಣ 2020ರಲ್ಲಿ ಘೋಷಣೆಯಾಯಿತು. ಪ್ಲಾಸ್ಟಿಕ್ ಅಚ್ಚಿನ ಕೆಲಸಕ್ಕೆ ಅಲ್ಲಿ ಜಾಗ ಸಿಕ್ಕಿದ ಹಾಗೆ ಚಿತ್ರಗಾರರ ಕೈಗೂ ಒಂದು ಕೊಠಡಿ ಸಿಗಬೇಕು ಎಂಬುದು ನನ್ನ ಆಸೆ.

ಈ ಸಾಲಿನಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಅರವಿಂದ ಗುಪ್ತ. ಕಾನ್ಪುರದ ಐಐಟಿಯಲ್ಲಿ ಓದಿ, ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. 1978ರಲ್ಲಿ ಹೋಶಂಗಾಬಾದಿನ ವಿಜ್ಞಾನ ಬೋಧನಾ ಕಾರ್ಯಕ್ರಮಕ್ಕೆ ಹೋದರು. ಅಲ್ಲಿನ ಸಂತೆಯಲ್ಲಿ ಸಿಗುತ್ತಿದ್ದ ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡು ಮಾಡಿ, ಎರಡು ಕಡೆಯಿಂದ ಬೆಂಕಿಕಡ್ಡಿ ತೂರಿಸಿದರು. ಬಾಗುವ ಕೀಲು ಸಿಕ್ಕಿತು. ಅದರಿಂದ ತ್ರಿಕೋನ, ಮನೆ, ಗೋಪುರ. ಮುಂದೆ ಕಸದಿಂದ ನೂರಾರು ಆಟಿಕೆ ಮಾಡಿ, ಮಾಡುವ ಬಗೆಯನ್ನೆಲ್ಲ ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಬಿಚ್ಚಿಟ್ಟರು. 2018ರಲ್ಲಿ ಪದ್ಮಶ್ರೀ ಬಂತು.

ಹೋದ ಸಲ ಎಮ್ಮೆದೊಡ್ಡಿಗೆ ಹೋದಾಗ ಜಗಲಿಯ ಮೇಲೆ ಒಬ್ಬ ಹುಡುಗ ಸವೆದ ಹವಾಯಿ ಚಪ್ಪಲಿಯನ್ನು ಬ್ಲೇಡಿನಲ್ಲಿ ದುಂಡಗೆ ಕೊಯ್ದು ನಾಲ್ಕು ಗಾಲಿ ಮಾಡಿಕೊಂಡು ಕೂತಿದ್ದ. ತೆಂಗಿನಗರಿಯ ಕಡ್ಡಿ ಅಚ್ಚು, ಬೆಂಕಿಪೊಟ್ಟಣ ಗಾಡಿ. ಎಳೆದರೆ ಎರಡು ಮಾರು ಹೋಗುವಷ್ಟರಲ್ಲಿ ಗಾಲಿ ಜಾರಿ ಬೀಳುತ್ತಿತ್ತು. ಅವನು ಅಳಲಿಲ್ಲ, ಯಾರನ್ನೂ ಕೇಳಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ ಹಳೆಯ ಸೈಕಲ್ ಟ್ಯೂಬಿನ ಒಂದು ಎಳೆ ತಂದ. ಅಚ್ಚಿನ ತುದಿಗೆ ಬಿಗಿಯಾಗಿ ಮೂರು ಸುತ್ತು ಸುತ್ತಿ, ಹಲ್ಲಿನಲ್ಲಿ ಎಳೆದು ಗಂಟು ಹಾಕಿದ. ಗಾಡಿ ಜಗಲಿಯಿಂದ ಅಂಗಳಕ್ಕೆ ಇಳಿಯಿತು, ಅಂಗಳದಿಂದ ಬೀದಿಗೆ.