ಫಲಿತಾಂಶಕ್ಕೆ ತಕ್ಕ ಪಗಾರ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಆಕೆ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಶಿಕ್ಷಕಿ. ವರ್ಷದ ಕೊನೆಗೆ ಆಡಳಿತ ಮಂಡಳಿಯವರು ಪ್ರತಿಯೊಬ್ಬ ಶಿಕ್ಷಕರಿಗೂ ಐದಕ್ಕೆ ಇಷ್ಟು ಎಂದು ಅಂಕ ನೀಡುತ್ತಾರಂತೆ. ಮರುವರ್ಷದ ಸಂಬಳದ ಏರಿಕೆ ಆ ಅಂಕವನ್ನೇ ಅವಲಂಬಿಸಿರುತ್ತದೆಯಂತೆ. ಆಕೆಗೆ ಈ ಸಲ ಮೂರು ಬಂದಿತ್ತು. ಚಹಾ ಕುಡಿಯುತ್ತ, "ಸರ್, ನಿಮ್ಮ ಕಾಲಕ್ಕ ನಿಮಗ ಮಾರ್ಕು ಕೊಡಾವ್ರು ಯಾರಿದ್ರು?" ಎಂದು ಕೇಳಿದಳು. ನಾನು ನಕ್ಕು, "ತಪಾಸಣೆಗೆ ಬರೋ ಸಾಹೇಬರು" ಎಂದೆ. ಆಕೆ ಹೋದ ಮೇಲೆ ಆ ಪ್ರಶ್ನೆ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ನಾನು ಇತಿಹಾಸದ ಮೇಷ್ಟ್ರಾಗಿದ್ದವನು. ಉತ್ತರವನ್ನು ಇತಿಹಾಸದಲ್ಲಿಯೇ ಹುಡುಕುವುದು ನನ್ನ ಹಳೆಯ ಚಾಳಿ.

ಶಿಕ್ಷಕರ ಸಂಬಳವನ್ನು ಮಕ್ಕಳ ಫಲಿತಾಂಶಕ್ಕೆ ಕಟ್ಟುವ ವಿಚಾರವು ಇಂದಿನ ಕಂಪನಿಗಳ ಆಡಳಿತ ಪದ್ಧತಿಯಿಂದ ಹುಟ್ಟಿದ್ದೆಂದು ಅನೇಕರು ಭಾವಿಸಿದ್ದಾರೆ. ಅದಕ್ಕೆ ನೂರ ಅರವತ್ತು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ. ಅದನ್ನು ಒಂದು ದೇಶವಿಡೀ ಜಾರಿಗೆ ತಂದು ನೋಡಿದವರು ಇಂಗ್ಲೆಂಡಿನವರು.

1858ರಲ್ಲಿ ಅಲ್ಲಿನ ಸರಕಾರವು ಬಡಮಕ್ಕಳ ಶಿಕ್ಷಣದ ಸ್ಥಿತಿಯನ್ನು ಪರಿಶೀಲಿಸಲು ನ್ಯೂಕ್ಯಾಸಲ್ ಆಯೋಗವನ್ನು ನೇಮಿಸಿತು. 1861ರಲ್ಲಿ ಬಂದ ಅದರ ವರದಿಯಲ್ಲಿ ಒಂದು ಗಂಭೀರವಾದ ದೂರಿತ್ತು. ಶಿಕ್ಷಕರು ಮೇಲಿನ ತರಗತಿಯ ಜಾಣ ಮಕ್ಕಳಿಗೆ ಗಮನ ಕೊಡುತ್ತಾರೆ. ಸಣ್ಣ ಮಕ್ಕಳು, ಮಂದಬುದ್ಧಿಯವರೆನಿಸಿಕೊಂಡ ಮಕ್ಕಳು ಓದು ಬರಹ ಲೆಕ್ಕ ಕಲಿಯದೆಯೇ ಶಾಲೆ ಬಿಡುತ್ತಾರೆ ಎಂಬುದು ಆ ದೂರು. ಇದು ಸುಳ್ಳೆಂದು ಹೇಳುವ ಧೈರ್ಯ ನಲವತ್ತು ವರ್ಷ ಪಾಠ ಹೇಳಿದ ನನಗಿಲ್ಲ. ಮುಂದಿನ ಬೆಂಚಿನವರಿಗೆ ಪಾಠ ಹೇಳಿ ಹಿಂದಿನ ಬೆಂಚಿನವರನ್ನು ಸುಮ್ಮನಿರಿಸುವ ರೋಗ ಎಲ್ಲ ಕಾಲದ್ದು.

ಆಗ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಎಂಬ ರಾಜಕಾರಣಿ ಇದಕ್ಕೆ ಕಂಡುಕೊಂಡ ಮದ್ದೇ 1862ರ ಪರಿಷ್ಕೃತ ಸಂಹಿತೆ. ಅದರ ಲೆಕ್ಕ ಹೀಗಿತ್ತು: ಸರಾಸರಿ ಹಾಜರಾತಿಯ ಮೇಲೆ ಮಗುವೊಂದಕ್ಕೆ 4 ಷಿಲಿಂಗ್ ಅನುದಾನ. ಆರು ವರ್ಷ ದಾಟಿದ, ನಿಗದಿತ ಹಾಜರಾತಿಯುಳ್ಳ ಮಗುವಿಗೆ ಇನ್ನೂ 8 ಷಿಲಿಂಗ್. ಆದರೆ ಇದು ಪರೀಕ್ಷೆಗೆ ಒಳಪಟ್ಟದ್ದು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು ಒಂದೊಂದು ಮಗುವನ್ನೂ ಪರೀಕ್ಷಿಸುವನು. ಓದಿನಲ್ಲಿ ತಪ್ಪಿದರೆ 2 ಷಿಲಿಂಗ್ 8 ಪೆನ್ಸ್ ಕಡಿತ, ಬರಹದಲ್ಲಿ ತಪ್ಪಿದರೆ ಅಷ್ಟೇ, ಲೆಕ್ಕದಲ್ಲಿ ತಪ್ಪಿದರೆ ಮತ್ತೆ ಅಷ್ಟೇ. ಮೂರರಲ್ಲಿಯೂ ತಪ್ಪಿದ ಮಗುವಿಗೆ ಎಂಟೂ ಷಿಲಿಂಗ್ ಹೋಯಿತು! ಇದಕ್ಕಾಗಿ ಆರು ದರ್ಜೆಗಳನ್ನು ಮಾಡಿದ್ದರು. ಮೊದಲನೆಯದರಲ್ಲಿ ಒಂದೇ ಉಚ್ಚಾರಾಂಶದ ಸರಳ ಪದಗಳ ಓದು, ಆರನೆಯದರಲ್ಲಿ ವೃತ್ತಪತ್ರಿಕೆಯ ಒಂದು ತುಣುಕು. ಪದ್ಧತಿ ಫಲಕಾರಿಯಾದರೆ ಒಳ್ಳೆಯದೇ, ಆಗದಿದ್ದರೆ ಖಜಾನೆಗೆ ಹಣವಾದರೂ ಉಳಿಯುವುದು ಎಂಬರ್ಥದ ಮಾತನ್ನು ಲೋ ಪಾರ್ಲಿಮೆಂಟಿನಲ್ಲಿ ಆಡಿದ್ದರು. ಎರಡನೆಯ ಭಾಗ ಕೂಡಲೇ ಸತ್ಯವಾಯಿತು. 1860ರ ದಶಕದ ಆರಂಭದಲ್ಲಿ 8 ಲಕ್ಷ ಪೌಂಡಿಗೂ ಮೀರಿದ್ದ ಸರಕಾರಿ ಅನುದಾನವು ಕೆಲವೇ ವರ್ಷಗಳಲ್ಲಿ ಸುಮಾರು 6 ಲಕ್ಷ 40 ಸಾವಿರಕ್ಕೆ ಇಳಿಯಿತು.

ಇದಕ್ಕೆ ಮುಂಚೆ ತರಬೇತಾದ ಶಿಕ್ಷಕರಿಗೆ ಸರಕಾರವೇ ನೇರವಾಗಿ ಸಂಬಳದ ಪೂರಕ ಹಣ ಕೊಡುತ್ತಿತ್ತು. ಈಗ ಎಲ್ಲವೂ ಶಾಲೆಯ ವ್ಯವಸ್ಥಾಪಕರ ಕೈ ಸೇರಿತು. ಶಿಕ್ಷಕನು ಅವರೊಡನೆ ಚೌಕಾಸಿ ಮಾಡಬೇಕಾಯಿತು. ಅನೇಕ ಕಡೆ ಶಿಕ್ಷಕನ ಸಂಬಳದ ಒಂದು ಪಾಲು ಅನುದಾನದ ಮೊತ್ತವನ್ನೇ ಅವಲಂಬಿಸಿತು. ತನ್ನೆದುರು ಕುಳಿತ ಮಗು 'ಬೆಕ್ಕು' ಎಂಬ ಪದವನ್ನು ತಪ್ಪಾಗಿ ಓದಿದರೆ ಮನೆಯ ರೊಟ್ಟಿಯ ತುಣುಕು ಕಡಿಮೆಯಾಗುತ್ತದೆಂದು ತಿಳಿದ ಶಿಕ್ಷಕನು ಆ ಮಗುವನ್ನು ಹೇಗೆ ನೋಡಿಯಾನು?

ಏನಾಯಿತೆಂಬುದನ್ನು ಬರೆದಿಟ್ಟವರು ಸ್ವತಃ ಇನ್‌ಸ್ಪೆಕ್ಟರರೇ. ಪ್ರಸಿದ್ಧ ಕವಿ ಮ್ಯಾಥ್ಯೂ ಆರ್ನಲ್ಡ್ 1851ರಿಂದ 1886ರವರೆಗೆ ಶಾಲಾ ಇನ್‌ಸ್ಪೆಕ್ಟರಾಗಿದ್ದರೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಅವರು 1862ರಲ್ಲಿಯೇ ಈ ಸಂಹಿತೆಯನ್ನು ವಿರೋಧಿಸಿ, ತಾವು ಸರಕಾರಿ ನೌಕರರಾಗಿದ್ದೂ, ಹೆಸರು ಹಾಕದೆ ಲೇಖನ ಬರೆದರು. ಮುಂದೆ ತಮ್ಮ ವರದಿಗಳಲ್ಲಿ, ಮಕ್ಕಳು ವರ್ಷವಿಡೀ ಒಂದೇ ಪುಸ್ತಕವನ್ನು ಬಾಯಿಪಾಠ ಮಾಡಿ ಓದಿನ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದನ್ನೂ, ನಿಜವಾಗಿ ಓದಲು ಬಾರದೆಯೇ ಪಾಸಾಗುವ ಕಲೆಯನ್ನು ಶಾಲೆಗಳು ಸಿದ್ಧಪಡಿಸಿಕೊಂಡುದನ್ನೂ ತೋರಿಸಿಕೊಟ್ಟರು. ಅನುದಾನ ತರದ ಭೂಗೋಳ, ಇತಿಹಾಸಗಳು ಹಿಂದೆ ಸರಿದವು. 1867ರಲ್ಲಿ ಅವುಗಳಿಗೂ ಸ್ವಲ್ಪ ಅನುದಾನ ಇಟ್ಟು ತಿದ್ದುಪಡಿ ಮಾಡಬೇಕಾಯಿತು. 1888ರಲ್ಲಿ ಕ್ರಾಸ್ ಆಯೋಗವು ಈ ಪದ್ಧತಿಯನ್ನು ಸಡಿಲಿಸಬೇಕೆಂದಿತು. 1890ರ ದಶಕದಲ್ಲಿ ಅದು ಹಂತಹಂತವಾಗಿ ಕೊನೆಗೊಂಡಿತು. ಎಡ್ಮಂಡ್ ಹೋಮ್ಸ್ ಎಂಬ ಮುಖ್ಯ ಇನ್‌ಸ್ಪೆಕ್ಟರರು ನಿವೃತ್ತರಾದ ಮೇಲೆ 1911ರಲ್ಲಿ ಪುಸ್ತಕವೊಂದನ್ನು ಬರೆದು, ತಾವೇ ನಡೆಸಿಕೊಟ್ಟಿದ್ದ ಈ ವ್ಯವಸ್ಥೆಯನ್ನು ಕಠೋರವಾಗಿ ಖಂಡಿಸಿದರು. ನಿವೃತ್ತಿಯಾದ ಮೇಲೆ ಬರುವ ಧೈರ್ಯದ ಪರಿಚಯ ನನಗೂ ಉಂಟು.

ಈ ಪದ್ಧತಿ ನಮ್ಮ ನಾಡಿಗೂ ಹಡಗೇರಿ ಬಂತು. 1854ರ ವುಡ್ ಸಾಹೇಬರ ಆದೇಶಪತ್ರದಿಂದ ಖಾಸಗಿ ಶಾಲೆಗಳಿಗೆ ಅನುದಾನ ಕೊಡುವ ಕ್ರಮ ಆರಂಭವಾಗಿತ್ತು. ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೂ ಬಳ್ಳಾರಿ, ಮಂಗಳೂರುಗಳು ಸೇರಿದ್ದ ಮದರಾಸು ಪ್ರಾಂತದಲ್ಲಿಯೂ ಅನುದಾನಿತ ಶಾಲೆಗಳಿಗೆ ಫಲಿತಾಂಶದ ಲೆಕ್ಕದಲ್ಲಿ ಹಣ ಕೊಡುವುದು ರೂಢಿಗೆ ಬಂತು. 1882ರ ಹಂಟರ್ ಆಯೋಗವು ಕಾಲೇಜುಗಳಿಗೆ ಇದು ಬೇಡವೆಂದರೂ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಒಪ್ಪಿಕೊಂಡಿತು. ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯದಲ್ಲಿ ಸರಕಾರವು ಇದನ್ನು ಕೈಬಿಡುವ ನಿಲುವು ತಳೆಯಿತು. ಆಳುವವರ ದೇಶದಲ್ಲಿ ಸತ್ತ ಪದ್ಧತಿ ಆಳಿಸಿಕೊಂಡವರ ದೇಶದಲ್ಲಿ ಕೆಲವು ವರ್ಷ ಹೆಚ್ಚಿಗೆ ಬದುಕಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. 2005ರಿಂದ ಆಂಧ್ರಪ್ರದೇಶದ ಗ್ರಾಮೀಣ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ವಿದ್ವಾಂಸರು ಒಂದು ಪ್ರಯೋಗ ನಡೆಸಿದರು. ಮಕ್ಕಳ ಅಂಕಗಳಲ್ಲಾದ ಸುಧಾರಣೆಗೆ ಅನುಗುಣವಾಗಿ ಶಿಕ್ಷಕರಿಗೆ ಸಣ್ಣ ಬಹುಮಾನ. ಸರಾಸರಿಯಲ್ಲಿ ಅದು ವಾರ್ಷಿಕ ಸಂಬಳದ ಶೇಕಡಾ 3ರಷ್ಟು ಮಾತ್ರ. ಎರಡು ವರ್ಷಗಳ ಬಳಿಕ ಆ ಶಾಲೆಗಳ ಮಕ್ಕಳು ಗಣಿತ, ಭಾಷೆಗಳಲ್ಲಷ್ಟೇ ಅಲ್ಲದೆ ಬಹುಮಾನವಿಲ್ಲದ ವಿಜ್ಞಾನ, ಸಮಾಜಗಳಲ್ಲಿಯೂ ಮುಂದಿದ್ದರು. ಇದನ್ನು 2011ರಲ್ಲಿ ಪ್ರಕಟಿಸಿದರು. ನನಗೆ ಹಿಡಿಸಿದ ಸಂಗತಿಯೆಂದರೆ, ಅಲ್ಲಿ ಪರೀಕ್ಷೆಗೆ ಬಾರದ ಮಗುವು ಶಿಕ್ಷಕನ ಲೆಕ್ಕಕ್ಕೆ ನಷ್ಟವಾಗುವಂತೆ ನಿಯಮ ಮಾಡಿದ್ದರು. ಹಿಂದುಳಿದವನನ್ನು ಹೊರಗಿಟ್ಟು ಲಾಭ ಪಡೆಯುವ ದಾರಿ ಮುಚ್ಚಿತ್ತು.

ಆ ದಾರಿಯನ್ನು ಮುಚ್ಚದ ಕಡೆ, ಎಚ್ಚರವಿಲ್ಲದ ಕಡೆ ಏನಾಗುವುದೆಂಬುದಕ್ಕೆ ಅಮೆರಿಕದ ಅಟ್ಲಾಂಟ ನಗರವೇ ಸಾಕ್ಷಿ. ಅಲ್ಲಿ ಶಾಲೆಗಳಿಗೆ ಅಂಕಗಳ ಗುರಿಯನ್ನೂ ಅದಕ್ಕೆ ಬಹುಮಾನವನ್ನೂ ಇಟ್ಟಿದ್ದರು. ಮಕ್ಕಳ ಉತ್ತರಪತ್ರಿಕೆಯಲ್ಲಿನ ತಪ್ಪು ಉತ್ತರಗಳನ್ನು ಶಿಕ್ಷಕರೇ ರಬ್ಬರಿನಿಂದ ಅಳಿಸಿ ಸರಿಪಡಿಸಿದರು. 2011ರ ತನಿಖಾ ವರದಿಯು 44 ಶಾಲೆಗಳ 178 ಮಂದಿಯನ್ನು ಹೆಸರಿಸಿತು. ಅವರಲ್ಲಿ 38 ಮಂದಿ ಮುಖ್ಯೋಪಾಧ್ಯಾಯರು!

ಅವರನ್ನು ನೋಡಿ ಅಸಹ್ಯಪಡುವ ಹಕ್ಕು ನನಗಿಲ್ಲ. ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ಸಂಗತಿಯನ್ನು ಇಂದು ಬರೆಯುತ್ತೇನೆ.

1990ರ ದಶಕದಲ್ಲಿ ನಾನು ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಕಡಿಮೆಯಾದರೆ ಮೇಲಿನವರಿಗೆ ಕಾರಣ ಬರೆದುಕೊಡಬೇಕಿತ್ತು. ಒಂದು ವರ್ಷ, ಮುಂದಿನ ಸಾಲಿನ ಫಲಿತಾಂಶವನ್ನು ಕಣ್ಣಮುಂದಿಟ್ಟುಕೊಂಡು, ಮೂವರು ಹುಡುಗರನ್ನು ಒಂಬತ್ತನೆಯ ತರಗತಿಯಲ್ಲಿಯೇ ಉಳಿಸಿಕೊಂಡೆ. ಅವರಿಗಿಂತ ಹೆಚ್ಚೇನೂ ಜಾಣರಲ್ಲದವರನ್ನು ಹಿಂದಿನ ವರ್ಷಗಳಲ್ಲಿ ನಾನೇ ದಾಟಿಸಿದ್ದುಂಟು. ಇಬ್ಬರು ಮತ್ತೆ ಬಂದರು. ಮೂರನೆಯವನ ತಂದೆ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಇನ್ನೊಂದ್ ವರ್ಷ ಕೂಡಸಾಕ ನನ್ನ ಕಡೆ ಆಗೂದಿಲ್ರಿ ಸರ" ಎಂದರು. ನಾನು ನಿಯಮದ ಮಾತನಾಡಿದೆ. ಹುಡುಗ ಮತ್ತೆ ಬರಲಿಲ್ಲ. ಮರುವರ್ಷ ಶೇಕಡಾ ನೂರು ಫಲಿತಾಂಶ ಬಂತು. ಶಾಲು ಹೊದಿಸಿ ಸನ್ಮಾನ ಮಾಡಿದರು. ನಿಮ್ಮಲ್ಲಿ ಕೆಲವರು ಆ ಸಭೆಯಲ್ಲಿದ್ದಿರಿ, ಚಪ್ಪಾಳೆ ತಟ್ಟಿದಿರಿ.

ಗಮನಿಸಿರಿ, ನನ್ನ ಸಂಬಳ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಲೋ ಸಾಹೇಬರು ಷಿಲಿಂಗುಗಳ ಆಸೆ ತೋರಿಸಬೇಕಾಯಿತು. ನನಗೆ ಒಂದು ಶಾಲು ಸಾಕಾಯಿತು.

ಆದ್ದರಿಂದ ಆ ಹೆಣ್ಣುಮಗಳಿಗೆ ನನ್ನ ಉತ್ತರವಿಷ್ಟು. ಶಿಕ್ಷಕರನ್ನು ಅಳೆಯಬಾರದೆಂದು ನಾನು ಹೇಳಲಾರೆ. ಅಳೆಯುವವರಿಲ್ಲದಾಗ ಹಿಂದಿನ ಬೆಂಚಿನ ಮಗುವೇ ನಷ್ಟ ಅನುಭವಿಸುತ್ತದೆ. ಆದರೆ ಅಳೆಯುವವರು ವರ್ಷಕ್ಕೊಂದು ದಿನವಲ್ಲ, ಹಲವು ದಿನ ತರಗತಿಯಲ್ಲಿ ಕುಳಿತು ನೋಡಿದವರಾಗಿರಬೇಕು. ಎಷ್ಟು ಮಂದಿ ಪಾಸಾದರೆಂಬುದಕ್ಕಿಂತ ಪ್ರತಿ ಮಗುವೂ ಎಲ್ಲಿಂದ ಎಲ್ಲಿಗೆ ಬಂತೆಂಬುದನ್ನು ನೋಡಬೇಕು. ಶಾಲೆ ಬಿಟ್ಟುಹೋದ ಮಗುವಿನ ಹೆಸರೂ ಆ ಲೆಕ್ಕದಲ್ಲಿರಬೇಕು. ನನ್ನ ಶೇಕಡಾ ನೂರರಲ್ಲಿ ಆ ಹುಡುಗನ ಹೆಸರಿರಲಿಲ್ಲ.

ಮಗಳೇ, ನಿನಗೆ ಐದಕ್ಕೆ ಮೂರು ಕೊಟ್ಟವರು ನಿನ್ನ ತರಗತಿಯಲ್ಲಿ ಎಷ್ಟು ದಿನ ಕುಳಿತಿದ್ದರೆಂದು ಮೊದಲು ಕೇಳು. ಅನಂತರ ನಿನ್ನ ಹಿಂದಿನ ಬೆಂಚಿನಲ್ಲಿ ಯಾರು ಕುಳಿತಿದ್ದಾರೆಂದು ನೀನೇ ಒಮ್ಮೆ ನೋಡಿಕೋ.

ಆ ಹುಡುಗನ ಗುರುತು ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಅವನ ಹೆಸರನ್ನು ಎಲ್ಲಿಯೂ ಬರೆಯದೆ, ಮೇಷ್ಟ್ರು ಕೇಳಿದರೆಂದು ಅವನಿಗೆ ತಿಳಿಸಿರಿ. ಅವನು ಒಪ್ಪಿದರೆ ನಾನೇ ಹೋಗಿ ಭೇಟಿಯಾಗುತ್ತೇನೆ.