ವಿಂಡೋಸ್ ಆಕ್ಟಿವೇಶನ್ ಮತ್ತು ಮರುಸ್ಥಾಪನೆಯ ಮಿತಿ

ತಂತ್ರಾಂಶವೊಂದು ಪರವಾನಗಿ ಹೇಳಿದಷ್ಟೇ ಯಂತ್ರಗಳಲ್ಲಿ ಓಡುತ್ತಿದೆಯೇ ಎಂದು ತಯಾರಕ ಕಂಪನಿ ಖಚಿತಪಡಿಸಿಕೊಳ್ಳುವ ಏರ್ಪಾಡು ಆಕ್ಟಿವೇಶನ್. ಸಕ್ರಿಯಗೊಳಿಸುವಿಕೆ ಎಂಬ ಮಾತೂ ಬಳಕೆಯಲ್ಲಿದೆ. ಒಂದು ಕೀಯನ್ನು, ಅಂದರೆ ತಂತ್ರಾಂಶದೊಂದಿಗೆ ಬರುವ ಗುರುತಿನ ಸಂಕೇತವನ್ನು, ಎಷ್ಟು ಸಲ, ಎಷ್ಟು ಯಂತ್ರಗಳಲ್ಲಿ ಹೀಗೆ ಒಪ್ಪಿಸಬಹುದು ಎಂಬುದೇ ಆಕ್ಟಿವೇಶನ್ ಮಿತಿ. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ಆಪರೇಟಿಂಗ್ ಸಿಸ್ಟಮ್ ಮತ್ತೆ ಹಾಕಿದಾಗ ಈ ಮಿತಿ ಎದುರಾಗುತ್ತದೆ. ಯಂತ್ರ ಅದೇ, ಯಜಮಾನ ಅವರೇ, ದುಡ್ಡು ಎಂದೋ ಸಂದಿದೆ. ಆದರೆ ಅದಕ್ಕೆ ಸಿಕ್ಕಿದ್ದ ಒಪ್ಪಿಗೆಯ ಗುರುತು ಅಳಿಸಿಹೋದ ಡಿಸ್ಕಿನಲ್ಲಿತ್ತು.

ನಕಲಿನ ಜಗಳ ಪರ್ಸನಲ್ ಕಂಪ್ಯೂಟರಿನಷ್ಟೇ ಹಳೆಯದು. ಆಲ್ಟೇರ್ ಯಂತ್ರಕ್ಕೆಂದು ತಾವು ಬರೆದ ಬೇಸಿಕ್ ತಂತ್ರಾಂಶವನ್ನು ಹೆಚ್ಚಿನವರು ಕಾಸು ಕೊಡದೆ ಬಳಸುತ್ತಿದ್ದಾರೆ ಎಂದು ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದದ್ದು 1976ರ ಫೆಬ್ರವರಿಯಲ್ಲಿ. 1980ರ ದಶಕದಲ್ಲಿ ಕಂಪನಿಗಳು ಕೈಗೆ ಸಿಗುವ ವಸ್ತುವನ್ನು ನೆಚ್ಚಿಕೊಂಡವು. ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಶುರುವಾಗಲು ಮೂಲ ಫ್ಲಾಪಿ ಡ್ರೈವಿನಲ್ಲಿರಬೇಕಿತ್ತು. ದುಬಾರಿ ತಂತ್ರಾಂಶಗಳ ಜತೆಗೆ ಡಾಂಗಲ್ ಎಂಬ, ಕಂಪ್ಯೂಟರಿಗೆ ಸಿಕ್ಕಿಸಬೇಕಾದ ಪುಟ್ಟ ಸಾಧನ ಬರುತ್ತಿತ್ತು. ಇನ್ನು ಕೆಲವು ತಂತ್ರಾಂಶಗಳು ತಮ್ಮನ್ನು ಹಾರ್ಡ್ ಡಿಸ್ಕಿಗೆ ಎಷ್ಟು ಸಲ ಹಾಕಲಾಯಿತು ಎಂಬುದನ್ನು ಫ್ಲಾಪಿಯ ಮೇಲೆಯೇ ಬರೆದಿಡುತ್ತಿದ್ದವು. ಡಿಸ್ಕ್ ಅಳಿಸುವ ಮೊದಲು ತಂತ್ರಾಂಶವನ್ನು ಕ್ರಮವಾಗಿ ತೆಗೆದು ಆ ಎಣಿಕೆಯನ್ನು ಫ್ಲಾಪಿಗೆ ಮರಳಿಸಬೇಕಿತ್ತು. ಮರೆತರೆ ಒಂದು ಸಲದ ಹಕ್ಕು ಹೋಯಿತು. ಮರುಸ್ಥಾಪನೆಯ ಮಿತಿ ಹುಟ್ಟಿದ್ದು ಇಲ್ಲಿ, ಇಂಟರ್ನೆಟ್ ಮನೆಗಳಿಗೆ ಬರುವ ಮೊದಲೇ.

ವಿಂಡೋಸ್ 95ರ ಹೊತ್ತಿಗೆ ಕಾವಲು ಬಹಳ ಸಡಿಲವಾಗಿತ್ತು. ಅದರ ಸಿ.ಡಿ. ಕೀಯ ಕೊನೆಯ ಏಳು ಅಂಕಿಗಳನ್ನು ಕೂಡಿದರೆ ಬರುವ ಮೊತ್ತ ಏಳರಿಂದ ಭಾಗವಾಗಬೇಕು ಎಂಬುದೇ ಮುಖ್ಯ ಪರೀಕ್ಷೆ. ಏಳು ಒಂದುಗಳನ್ನು ಬರೆದರೂ ಅದು ಒಪ್ಪುತ್ತಿತ್ತು. ವಿಂಡೋಸ್ 98ರಲ್ಲಿ 25 ಅಕ್ಷರಗಳ ಕೀ ಬಂದರೂ ಒಂದೇ ಕೀಯನ್ನು ನೂರು ಯಂತ್ರಗಳಲ್ಲಿ ಹಾಕುವುದಕ್ಕೆ ತಡೆಯಿರಲಿಲ್ಲ. ಯಂತ್ರದ ಗುರುತಿಗೆ ತಂತ್ರಾಂಶವನ್ನು ಕಟ್ಟಿಹಾಕುವ ಉಪಾಯಕ್ಕೆ ಆಸ್ಟ್ರೇಲಿಯಾದ ರಿಕ್ ರಿಚರ್ಡ್‌ಸನ್ 1992ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಅವರ ಯೂನಿಲಾಕ್ ಕಂಪನಿ ಮೈಕ್ರೋಸಾಫ್ಟ್ ಮೇಲೆ ಹೂಡಿದ ದಾವೆಯಲ್ಲಿ 2009ರಲ್ಲಿ ಅಮೆರಿಕದ ಜ್ಯೂರಿ 38.8 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಆ ಮೊತ್ತ ಮೇಲಿನ ನ್ಯಾಯಾಲಯದಲ್ಲಿ ಉಳಿಯಲಿಲ್ಲ. 2012ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಆಕ್ಟಿವೇಶನ್ ಜನಸಾಮಾನ್ಯರ ಅನುಭವವಾಯಿತು. ಹಾಕಿದ 30 ದಿನಗಳೊಳಗೆ ಇಂಟರ್ನೆಟ್ ಮೂಲಕ ಅಥವಾ ಫೋನಿನಲ್ಲಿ ಒಪ್ಪಿಗೆ ಪಡೆಯಬೇಕಿತ್ತು. ಫೋನಿನಲ್ಲಿಯಾದರೆ ತೆರೆಯ ಮೇಲಿನ ಸುಮಾರು 50 ಅಂಕಿಗಳನ್ನು ಓದಿ ಹೇಳಿ, ಅತ್ತಲಿಂದ ಬಂದ 42 ಅಂಕಿಗಳನ್ನು ಒಂದೂ ತಪ್ಪದೆ ಬರೆದುಕೊಳ್ಳಬೇಕು. ಆ ಅಂಕಿಗಳೊಳಗೆ ಏನಿದೆ ಎಂಬ ಆತಂಕ ಆಗ ದೊಡ್ಡದಾಗಿತ್ತು. ಬರ್ಲಿನ್ನಿನ ಫುಲ್ಲಿ ಲೈಸೆನ್ಸ್ಡ್ ಎಂಬ ಸಂಸ್ಥೆ 2001ರ ಜುಲೈನಲ್ಲಿ, ಎಕ್ಸ್‌ಪಿ ಬರುವ ಮೊದಲೇ, ಇಡೀ ವಿಧಾನವನ್ನು ಬಿಡಿಸಿ ಪ್ರಕಟಿಸಿತು. ಪ್ರೊಸೆಸರ್, ಅದರ ಕ್ರಮಸಂಖ್ಯೆ, ರ‍್ಯಾಮಿನ ಪ್ರಮಾಣ, ಡಿಸ್‌ಪ್ಲೇ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಹಾರ್ಡ್ ಡಿಸ್ಕ್, ಸಿ.ಡಿ. ಡ್ರೈವ್ ಮುಂತಾಗಿ ಹತ್ತು ಭಾಗಗಳಿಂದ ತಲಾ ಕೆಲವೇ ಬಿಟ್‌ಗಳ ಗುರುತು ತೆಗೆದು ಒಟ್ಟುಗೂಡಿಸಲಾಗುತ್ತಿತ್ತು. ಬಿಡಿಭಾಗವೊಂದರ ಪೂರ್ಣ ಗುರುತು ಅದರಿಂದ ಮರಳಿ ಸಿಗುವಂತಿರಲಿಲ್ಲ. ಈ ವಿಷಯದಲ್ಲಿ ಎಕ್ಸ್‌ಪಿಯ ಮೇಲಿದ್ದ ಸಂಶಯ ಅದರ ಅರ್ಹತೆಗೆ ಮೀರಿದ್ದು.

ಮಿತಿಯ ನಿಯಮ ಹೀಗಿತ್ತು. ನೆಟ್‌ವರ್ಕ್ ಕಾರ್ಡ್ ಹಾಗೆಯೇ ಉಳಿದಿದ್ದರೆ ಉಳಿದ ಭಾಗಗಳಲ್ಲಿ ಆರು ಬದಲಾಗುವವರೆಗೆ ಮರು ಆಕ್ಟಿವೇಶನ್ ಬೇಕಿಲ್ಲ. ಕಾರ್ಡೇ ಇಲ್ಲದಿದ್ದರೆ ಅಥವಾ ಬದಲಾಗಿದ್ದರೆ ನಾಲ್ಕು ಬದಲಾವಣೆ ಸಾಕು. ಅದೇ ಯಂತ್ರದಲ್ಲಿ ಎಷ್ಟು ಸಲ ಮತ್ತೆ ಹಾಕಿದರೂ ಲೆಕ್ಕವಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಆದರೆ ಹತ್ತು ಗುರುತುಗಳಲ್ಲಿ ಒಂದು ಡಿಸ್ಕ್ ವಿಭಾಗದ ಕ್ರಮಸಂಖ್ಯೆ, ಮತ್ತು ಅದು ಫಾರ್ಮ್ಯಾಟ್ ಮಾಡಿದಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ. ಅಂದರೆ ಏನನ್ನೂ ಬದಲಿಸದೆ ಬರೀ ಅಳಿಸಿ ಮತ್ತೆ ಹಾಕಿದವರೂ ಒಂದು ಬದಲಾವಣೆಯ ಬಾಕಿಯೊಂದಿಗೇ ಶುರುಮಾಡುತ್ತಿದ್ದರು. ಅದರ ಮೇಲೆ ರ‍್ಯಾಮ್ ಹೆಚ್ಚಿಸಿ, ಕೆಟ್ಟ ಡಿಸ್ಕ್ ತೆಗೆಸಿ, ಮದರ್‌ಬೋರ್ಡ್ ಬದಲಿಸಿದರೆ ಫೋನೇ ಗತಿ. ಸಿಸ್ಟಮ್ ಫೋಲ್ಡರಿನಲ್ಲಿದ್ದ ಡಬ್ಲ್ಯುಪಿಎ ಎಂಬ ಚಿಕ್ಕ ಫೈಲನ್ನು ಪೆನ್ ಡ್ರೈವಿನಲ್ಲಿ ಉಳಿಸಿಕೊಂಡು, ಫಾರ್ಮ್ಯಾಟ್ ಆದಮೇಲೆ ಅದೇ ಯಂತ್ರದಲ್ಲಿ ಮತ್ತೆ ಇಟ್ಟು ಫೋನ್ ತಪ್ಪಿಸಿಕೊಳ್ಳುವುದನ್ನು ಅನುಭವಸ್ಥರು ಕಲಿತಿದ್ದರು.

ಕನ್ನಡಿಗರಿಗೆ ಈ ಆವೃತ್ತಿ ಇನ್ನೊಂದು ಕಾರಣಕ್ಕೆ ಮುಖ್ಯ. ಯೂನಿಕೋಡ್ ಕನ್ನಡವನ್ನು ಒತ್ತಕ್ಷರಗಳ ಸಮೇತ ಸರಿಯಾಗಿ ಮೂಡಿಸುವ ಸೌಲಭ್ಯ ವಿಂಡೋಸಿಗೆ ಬಂದದ್ದು ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರವಿನ್ಯಾಸದೊಂದಿಗೆ. ಅದು ತಾನಾಗಿ ಚಾಲೂ ಆಗುತ್ತಿರಲಿಲ್ಲ; ಭಾಷೆಯ ಆಯ್ಕೆಗಳಿಗೆ ಹೋಗಿ ಗುರುತು ಹಾಕಿ ಮೂಲ ಸಿ.ಡಿ. ತುರುಕಬೇಕಿತ್ತು. ಕಂಪ್ಯೂಟರ್ ಅಂಗಡಿಯಲ್ಲಿ ವಿಂಡೋಸ್ ಹಾಕಿಸಿಕೊಂಡು ಬಂದವರ ಕೈಯಲ್ಲಿ ಆ ಸಿ.ಡಿ. ಇಲ್ಲದಿದ್ದರೆ, ಪ್ರತಿ ಫಾರ್ಮ್ಯಾಟಿನ ನಂತರ ಆಕ್ಟಿವೇಶನ್ನಿನ ಜತೆಗೆ ಕನ್ನಡವೂ ಬಾಕಿ ಉಳಿಯುತ್ತಿತ್ತು.

ಆಕ್ಟಿವೇಶನ್ ಬೇಡದ ದಾರಿಗಳೂ ಇದ್ದವು. ದೊಡ್ಡ ಸಂಸ್ಥೆಗಳಿಗೆ ಕೊಟ್ಟ ವಾಲ್ಯೂಮ್ ಕೀಗೆ ಒಪ್ಪಿಗೆಯ ಹಂಗಿರಲಿಲ್ಲ. ಅಂಥದೊಂದು ಕೀ ಎಕ್ಸ್‌ಪಿ ಅಂಗಡಿಗೆ ಬರುವ ಮೊದಲೇ ಸೋರಿ ಜಗತ್ತೆಲ್ಲ ಹರಡಿತು. 2002ರ ಸರ್ವಿಸ್ ಪ್ಯಾಕ್ 1 ಅದನ್ನು ತಡೆಯಿತು. ಹೀಗೆ ಕದ್ದವರು ಅಂಕಿ ಓದುವ ಗೋಜಿಲ್ಲದೆ ಬಳಸಿದರು, ಕೊಂಡವರು ಸಾಲಿನಲ್ಲಿ ನಿಂತರು. ಹೆಸರಾಂತ ಕಂಪನಿಗಳ ಸಿದ್ಧ ಕಂಪ್ಯೂಟರುಗಳಲ್ಲಿ ಗುರುತು ಬಯೋಸ್‌ನಲ್ಲೇ ಇರುತ್ತಿದ್ದುದರಿಂದ, ಅವರು ಕೊಟ್ಟ ಡಿಸ್ಕಿನಿಂದಲೇ ಹಾಕಿದರೆ ತೊಂದರೆಯಿರಲಿಲ್ಲ. ಡಿಸ್ಕ್ ಕಳೆದುಕೊಂಡು, ಪೆಟ್ಟಿಗೆಯ ಮೇಲೆ ಅಂಟಿಸಿದ ಕೀಯನ್ನೇ ನಂಬಿದವರಿಗೆ 2005ರಿಂದ ಇಂಟರ್ನೆಟ್ ದಾರಿ ಮುಚ್ಚಿತು. ಫೋನ್ ಮಾಡಿ ವಿವರ ಹೇಳಬೇಕಾಯಿತು. ಸಿದ್ಧ ಕಂಪ್ಯೂಟರಿನ ಜತೆಗೇ ಬರುವ ಈ ಒಇಎಂ ಪರವಾನಗಿ ಮೊದಲ ಯಂತ್ರದೊಂದಿಗೇ ಮುಗಿಯುತ್ತದೆ, ಮದರ್‌ಬೋರ್ಡ್ ಬದಲಾದರೆ ಯಂತ್ರವೇ ಬದಲಾದಂತೆ. ಕೆಟ್ಟದ್ದಕ್ಕೆ ಬದಲು ಹಾಕಿಸಿದರೆ ಮಾತ್ರ ವಿನಾಯಿತಿ.

ಅತಿ ಬಿಗಿಯಾದ ಮಿತಿಯನ್ನು ಮೈಕ್ರೋಸಾಫ್ಟ್ ಬರೆದದ್ದು 2006ರ ಅಕ್ಟೋಬರಿನಲ್ಲಿ. ಎಕ್ಸ್‌ಪಿಯ ನಂತರದ ಆವೃತ್ತಿ ವಿಂಡೋಸ್ ವಿಸ್ಟಾವನ್ನು ಅಂಗಡಿಯಲ್ಲಿ ಬಿಡಿಯಾಗಿ ಕೊಂಡವರು ಅದನ್ನು ಬೇರೆ ಯಂತ್ರಕ್ಕೆ ಒಂದೇ ಸಲ ವರ್ಗಾಯಿಸಬಹುದು ಎಂದು ಪರವಾನಗಿಯಲ್ಲಿ ಸೇರಿಸಿತು. ತಾವೇ ಭಾಗ ಕೂಡಿಸಿ ಯಂತ್ರ ಕಟ್ಟುವವರು ಸಿಟ್ಟಿಗೆದ್ದರು. ನವೆಂಬರ್ 2ರಂದು ಕಂಪನಿ ಷರತ್ತನ್ನು ಹಿಂತೆಗೆದುಕೊಂಡಿತು. ಮುಂದಿನ ವರ್ಷ ಆಗಸ್ಟ್ 24ರಂದು ಅಸಲಿತನ ಪರೀಕ್ಷಿಸುವ ಸರ್ವರಿಗೆ ಸಿದ್ಧವಾಗದ ಕೋಡ್ ತಪ್ಪಿ ಸೇರಿ, ಸುಮಾರು 19 ಗಂಟೆ ಕಾಲ ಸಾವಿರಾರು ಅಸಲಿ ಕಂಪ್ಯೂಟರುಗಳಿಗೆ ನಕಲಿಯೆಂಬ ಮುದ್ರೆ ಬಿತ್ತು. ಒಪ್ಪಿಗೆ ಸಿಗದಿದ್ದರೆ ಯಂತ್ರವನ್ನೇ ಕಟ್ಟಿಹಾಕುವ ವಿಸ್ಟಾದ ಕ್ರಮವನ್ನು 2008ರ ಸರ್ವಿಸ್ ಪ್ಯಾಕ್ 1 ತೆಗೆದುಹಾಕಿ ಎಚ್ಚರಿಕೆಗಳಿಗೆ ಸೀಮಿತಗೊಳಿಸಿತು.

ನಿಜವಾದ ಎಣಿಕೆಯ ಮಿತಿ ಸಂಸ್ಥೆಗಳಿಗೆ ಕೊಡುವ ಎಂಎಕೆ ಕೀಯಲ್ಲಿದೆ. ವಿಸ್ಟಾದೊಂದಿಗೆ ಬಂದ ಈ ಕೀಗೆ ಇಷ್ಟೇ ಒಪ್ಪಿಗೆ ಎಂಬ ಗಡಿಯಿದೆ. ಪ್ರಯೋಗಾಲಯದ ಯಂತ್ರಗಳನ್ನು ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡುವ ಕಾಲೇಜಿನಲ್ಲಿ ಎಣಿಕೆ ಕರಗುತ್ತ ಹೋಗುತ್ತದೆ, ತಾನಾಗಿ ತುಂಬುವುದಿಲ್ಲ, ಕೇಳಿ ಹೆಚ್ಚಿಸಿಕೊಳ್ಳಬೇಕು. ಅದಕ್ಕೆ ಪರ್ಯಾಯ ಸಂಸ್ಥೆಯೊಳಗೇ ಇಡುವ ಕೆಎಂಎಸ್ ಸರ್ವರ್. ಕನಿಷ್ಠ 25 ಯಂತ್ರಗಳಿದ್ದರೆ ಅದು ಕೆಲಸ ಮಾಡುತ್ತದೆ, ಪ್ರತಿ ಒಪ್ಪಿಗೆಗೂ 180 ದಿನಗಳ ಆಯುಷ್ಯ.

ಬೇರೆ ತಂತ್ರಾಂಶಗಳೂ ಇದೇ ಹಾದಿ ಹಿಡಿದವು, ಕೆಲವು ಎಡವಿದವು. ಇಂಟ್ಯೂಟ್ ತನ್ನ ಟರ್ಬೋಟ್ಯಾಕ್ಸ್ ತೆರಿಗೆ ತಂತ್ರಾಂಶಕ್ಕೆ ಹಾಕಿದ್ದ ಆಕ್ಟಿವೇಶನ್ನನ್ನು 2003ರಲ್ಲಿ ಕೈಬಿಟ್ಟಿತು. 2008ರ ಸೆಪ್ಟೆಂಬರಿನಲ್ಲಿ ಬಂದ ಸ್ಪೋರ್ ಆಟಕ್ಕೆ ಮೂರೇ ಆಕ್ಟಿವೇಶನ್ ಇತ್ತು. ವಿಂಡೋಸ್ ಮರುಸ್ಥಾಪಿಸಿದರೂ ಒಂದು ಖರ್ಚಾಗುವ ಸಂಭವವಿತ್ತು. ಅಮೆಜಾನ್‌ನಲ್ಲಿ ಸಾವಿರಾರು ಜನ ಒಂದೇ ನಕ್ಷತ್ರ ಕೊಟ್ಟು ಪ್ರತಿಭಟಿಸಿದರು, ನ್ಯಾಯಾಲಯದಲ್ಲಿ ದಾವೆಯೂ ಬಿತ್ತು. ಆಟದ ಪ್ರಕಾಶಕ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ಮಿತಿಯನ್ನು ಐದಕ್ಕೆ ಏರಿಸಿ, ಬಳಸಿದ ಆಕ್ಟಿವೇಶನ್ನನ್ನು ಮರಳಿ ಪಡೆಯುವ ಸಾಧನವನ್ನೂ ಕೊಟ್ಟಿತು. ಫ್ಲಾಪಿ ಕಾಲದಲ್ಲಿದ್ದ ಮರಳಿಸುವ ಸೌಲಭ್ಯ ಇಪ್ಪತ್ತು ವರ್ಷಗಳ ನಂತರ ಗದ್ದಲ ಮಾಡಿ ಪಡೆಯಬೇಕಾದದ್ದು ವಿಷಾದದ ಸಂಗತಿ.

ಸಾಮಾನ್ಯ ಬಳಕೆದಾರರ ಭಾರ ಇಳಿದದ್ದು ಲೆಕ್ಕದ ಪುಸ್ತಕ ಯಂತ್ರದಿಂದ ಹೊರಗೆ ಹೋದಮೇಲೆ. 2012ರ ವಿಂಡೋಸ್ 8ರಿಂದ ಸಿದ್ಧ ಕಂಪ್ಯೂಟರಿನ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. 2015ರ ವಿಂಡೋಸ್ 10 ಯಂತ್ರದ ಗುರುತನ್ನು ಕಂಪನಿಯ ಸರ್ವರಿನಲ್ಲಿ ಡಿಜಿಟಲ್ ಪರವಾನಗಿಯಾಗಿ ಉಳಿಸಿತು. ಅದೇ ಯಂತ್ರದಲ್ಲಿ ಅಳಿಸಿ ಮತ್ತೆ ಹಾಕಿದರೆ ಕೀ ಕೊಡದೆಯೇ ಒಪ್ಪಿಗೆ ಸಿಗುತ್ತದೆ. 2016ರಿಂದ ಆ ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಬಹುದು. ಮದರ್‌ಬೋರ್ಡ್ ಬದಲಿಸುವವರು ಈ ಜೋಡಣೆಯನ್ನು ಮೊದಲೇ ಮಾಡಿಕೊಂಡಿರಬೇಕು.

ಆದರೆ ಪುಸ್ತಕ ಇಟ್ಟುಕೊಂಡವರು ಅಂಗಡಿ ಮುಚ್ಚಿದರೆ? ಅಡೋಬಿ ತನ್ನ ಸಿಎಸ್2 ತಂತ್ರಾಂಶದ ಆಕ್ಟಿವೇಶನ್ ಸರ್ವರನ್ನು ನಿಲ್ಲಿಸಿದಾಗ, ಅದನ್ನು ಕೊಂಡಿದ್ದವರು ಮರುಸ್ಥಾಪಿಸಲಾಗದೆ ಉಳಿಯಬಾರದೆಂದು ಆಕ್ಟಿವೇಶನ್ ಬೇಡದ ಆವೃತ್ತಿಯನ್ನೂ ಸೀರಿಯಲ್ ಸಂಖ್ಯೆಗಳನ್ನೂ 2013ರ ಜನವರಿಯಲ್ಲಿ ತೆರೆದಿಟ್ಟಿತು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿ ತಂತ್ರಾಂಶದ ಪ್ರತಿಯನ್ನು ನ್ಯಾಯಬದ್ಧವಾಗಿ ಹೊಂದಿದವರಿಗೆ ನಷ್ಟದ ವಿರುದ್ಧ ಬ್ಯಾಕಪ್ ಪ್ರತಿ ಮಾಡಿಕೊಳ್ಳುವ ಅವಕಾಶ ಕೊಟ್ಟಿದೆ. 2012ರಲ್ಲಿ ಸೇರಿದ 65ಎ ವಿಧಿ ತಾಂತ್ರಿಕ ಬೀಗಗಳಿಗೆ ರಕ್ಷಣೆ ಕೊಟ್ಟಿದೆ. ಒಪ್ಪಿಗೆ ಕೊಡುವ ಸರ್ವರ್ ಇಲ್ಲದಿದ್ದರೆ ಆ ಬ್ಯಾಕಪ್ ಪ್ರತಿ ಉಪಯೋಗಕ್ಕೆ ಬರುವುದಿಲ್ಲ. ಸರ್ವರ್ ನಿಲ್ಲಿಸುವ ದಿನ ಬೀಗವಿಲ್ಲದ ಪ್ರತಿಯನ್ನು ಕೊಂಡವರಿಗೆ ಕೊಡುವುದು ಕಂಪನಿಯ ಕೃಪೆಯಾಗಿ ಉಳಿಯಬಾರದು, ಮಾರಾಟದ ಕರಾರಿನಲ್ಲೇ ಬರೆದಿರಬೇಕು.