ತಡೆಗಟ್ಟುವ ವೈದ್ಯಕ್ಕೆ ಪುರಾವೆಯ ಒರೆಗಲ್ಲು

ಆರೋಗ್ಯವಂತರೂ ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ ಮಾಡಿಸಿಕೊಳ್ಳಬೇಕೆಂಬ ನಂಬಿಕೆ 20ನೆಯ ಶತಮಾನದ ಉತ್ತರ ಅಮೆರಿಕದಲ್ಲಿ ಆಳವಾಗಿ ಬೇರೂರಿತ್ತು. ಇದರಿಂದ ಆರೋಗ್ಯಕ್ಕೆ ಲಾಭವಿದೆಯೇ ಎಂಬುದನ್ನು ವ್ಯವಸ್ಥಿತವಾಗಿ ಪರಿಶೀಲಿಸಲು ಕೆನಡಾದ ಪ್ರಾಂತ್ಯಗಳ ಆರೋಗ್ಯಾಧಿಕಾರಿಗಳು 1976ರಲ್ಲಿ ಒಂದು ಕಾರ್ಯಪಡೆಯನ್ನು ನೇಮಿಸಿದರು. ವಾಲ್ಟರ್ ಸ್ಪಿಟ್ಜರ್ ಅಧ್ಯಕ್ಷತೆಯ ಈ ಕಾರ್ಯಪಡೆ 1979ರ ವರದಿಯಲ್ಲಿ ವಾರ್ಷಿಕ ತಪಾಸಣೆಯನ್ನು ಕೈಬಿಟ್ಟು, ವಯಸ್ಸು ಮತ್ತು ಲಿಂಗಕ್ಕೆ ತಕ್ಕ ನಿರ್ದಿಷ್ಟ ಪರೀಕ್ಷೆಗಳನ್ನಷ್ಟೇ ಮಾಡಬೇಕೆಂದಿತು. ಆದರೆ ಈ ತೀರ್ಮಾನಕ್ಕಿಂತ ಅದನ್ನು ತಲುಪಿದ ವಿಧಾನವೇ ಹೆಚ್ಚು ಮಹತ್ವದ್ದು. ಯಾದೃಚ್ಛಿಕ ಪ್ರಯೋಗದ ಫಲಿತಾಂಶಕ್ಕೆ ಮೊದಲ ಸ್ಥಾನ, ತಜ್ಞರ ಅಭಿಪ್ರಾಯಕ್ಕೆ ಕೊನೆಯ ಸ್ಥಾನ ಎಂದು ಪುರಾವೆಗಳನ್ನು ಶ್ರೇಣೀಕರಿಸಿ, ಪ್ರತಿ ಶಿಫಾರಸಿನ ಬಲವನ್ನು 'ಎ'ಯಿಂದ 'ಇ'ವರೆಗಿನ ಅಕ್ಷರಗಳಲ್ಲಿ ಅದು ಬಹಿರಂಗಪಡಿಸಿತು. ತಡೆಗಟ್ಟುವ ವೈದ್ಯದ ವಿಶ್ವಾಸಾರ್ಹತೆ ತಜ್ಞರ ಹಿರಿತನದಿಂದಲ್ಲ, ಪುರಾವೆಯನ್ನು ಹೀಗೆ ಎಲ್ಲರೆದುರು ತೂಗುವ ಶಿಸ್ತಿನಿಂದ ಬಂದಿದೆ ಎಂಬುದು ನನ್ನ ವಾದ.

1984ರಲ್ಲಿ ಅಮೆರಿಕವೂ ಇಂಥದೇ ಕಾರ್ಯಪಡೆಯನ್ನು ರಚಿಸಿತು. ಅದರ ಶಿಫಾರಸುಗಳು ಮತ್ತೆಮತ್ತೆ ಬದಲಾಗುವುದರಿಂದ ಜನರ ನಂಬಿಕೆ ಕುಸಿಯುತ್ತದೆ ಎಂಬ ಆಕ್ಷೇಪವಿದೆ. ಆಸ್ಪಿರಿನ್ ಇದಕ್ಕೆ ತಕ್ಕ ಉದಾಹರಣೆ. ಹೃದಯಾಘಾತದ ಅಪಾಯ ಹೆಚ್ಚಿರುವ 50ರಿಂದ 59 ವರ್ಷದವರು, ರಕ್ತಸ್ರಾವದ ಅಪಾಯ ಹೆಚ್ಚಿಲ್ಲದಿದ್ದರೆ, ಕಡಿಮೆ ಪ್ರಮಾಣದ ಆಸ್ಪಿರಿನ್ ಸೇವಿಸಬಹುದೆಂದು 2016ರಲ್ಲಿ ಅದು ಹೇಳಿತ್ತು. 2018ರಲ್ಲಿ ಆಸ್ಟ್ರೇಲಿಯ ಮತ್ತು ಅಮೆರಿಕದ 19,114 ಹಿರಿಯರ ಮೇಲಿನ ಆಸ್ಪ್ರೀ ಪ್ರಯೋಗದಲ್ಲಿ ಹೃದ್ರೋಗ ಗಮನಾರ್ಹವಾಗಿ ತಗ್ಗಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು. ಹೃದ್ರೋಗವಿಲ್ಲದ, 60 ದಾಟಿದವರು ತಡೆಗಾಗಿ ಹೊಸದಾಗಿ ಆಸ್ಪಿರಿನ್ ಆರಂಭಿಸಬಾರದೆಂದು 2022ರಲ್ಲಿ ಕಾರ್ಯಪಡೆ ಸೂಚಿಸಿತು. ರೋಗಿ ನೋವಿನಿಂದ ವೈದ್ಯರ ಬಳಿ ಬರುತ್ತಾನೆ. ತಡೆಗಟ್ಟುವ ಚಿಕಿತ್ಸೆಯಲ್ಲಾದರೋ ವೈದ್ಯವೇ ಆರೋಗ್ಯವಂತನ ಬಳಿ ಹೋಗುತ್ತದೆ. ಅವನಿಗೆ ಹಾನಿಯಾಗುವುದೆಂದು ತಿಳಿದ ಮೇಲೂ ಹಳೆಯ ಮಾತಿಗೇ ಅಂಟಿಕೊಂಡಿದ್ದರೆ ಅದು ಸ್ಥಿರತೆಯಲ್ಲ, ಹೊಣೆಗೇಡಿತನ.

ಇದೆಲ್ಲ ಶ್ರೀಮಂತ ದೇಶಗಳ ಪುರಾವೆ, ನಮ್ಮ ಹಳ್ಳಿಗಳಿಗೆ ಹೊಂದದು ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಉತ್ತರ ಪುರಾವೆಯನ್ನು ಬಿಡುವುದಲ್ಲ, ಇಲ್ಲಿಯೇ ಹುಡುಕುವುದು. ಕರ್ನಾಟಕದ ಗಡಿಗೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1999ರಿಂದ ನಡೆದ ಪ್ರಯೋಗ 30ರಿಂದ 59 ವರ್ಷದ 1,31,746 ಗ್ರಾಮೀಣ ಮಹಿಳೆಯರನ್ನು ಒಳಗೊಂಡಿತ್ತು. ಎಚ್‌ಪಿವಿ ವೈರಾಣುವಿನ ಪರೀಕ್ಷೆಯನ್ನು ಒಮ್ಮೆ ಒದಗಿಸಿದ ಗುಂಪಿನಲ್ಲಿ ಗರ್ಭಕಂಠ ಕ್ಯಾನ್ಸರ್‌ನ ಸಾವುಗಳು ಸುಮಾರು ಅರ್ಧಕ್ಕಿಳಿದವೆಂದು 2009ರಲ್ಲಿ ವರದಿಯಾಯಿತು. ಒಮ್ಮೆ ಮಾತ್ರ ನಡೆಸಿದ ಪ್ಯಾಪ್ ಪರೀಕ್ಷೆಯಾಗಲಿ, ಅಸಿಟಿಕ್ ಆಮ್ಲ ಲೇಪಿಸಿ ಕಣ್ಣಿನಿಂದ ನೋಡುವ ಪರೀಕ್ಷೆಯಾಗಲಿ ಅಂಥ ಸ್ಪಷ್ಟ ಲಾಭ ತೋರಲಿಲ್ಲ. ಆದರೆ ಇದೇ ಆಮ್ಲದ ಪರೀಕ್ಷೆಯನ್ನು ಮುಂಬೈನ ಕೊಳೆಗೇರಿಗಳಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ನಡೆಸಿದಾಗ ಸಾವು ಶೇ. 31ರಷ್ಟು ತಗ್ಗಿತು. ಯಾವ ಪರೀಕ್ಷೆ, ಎಷ್ಟು ಬಾರಿ, ಯಾರಿಂದ ಎಂಬ ಪ್ರಶ್ನೆಗಳಿಗೆ ಊಹೆಯಿಂದ ಸಿಗದ ಉತ್ತರ ಪ್ರಯೋಗದಿಂದ ಸಿಕ್ಕಿತು.

ಪುರಾವೆ ಒಬ್ಬೊಬ್ಬರ ಭವಿಷ್ಯ ಹೇಳಲಾರದು, ವೈದ್ಯರ ವಿವೇಚನೆಗೆ ಬದಲಿಯೂ ಆಗಲಾರದು. ವಿವೇಚನೆಗೆ ಬೇಕಾದ ನೆಲೆಯನ್ನು ಅದು ಒದಗಿಸುತ್ತದೆ. ಹತ್ತಾರು ಪರೀಕ್ಷೆಗಳ ತಪಾಸಣಾ ಪ್ಯಾಕೇಜುಗಳು ನಮ್ಮ ನಗರಗಳಲ್ಲಿ ಮಾರಾಟವಾಗುತ್ತಿರುವ ಈ ಹೊತ್ತಿನಲ್ಲಿ, ಪ್ರತಿ ಪರೀಕ್ಷೆಯ ಲಾಭ ಹಾನಿಗಳ ಪುರಾವೆಯನ್ನು ಜನರ ಭಾಷೆಯಲ್ಲಿ ಮುಂದಿಡಬೇಕೆಂದು ಕೇಳುವ ಹಕ್ಕು ನಮಗಿದೆ. ಅದನ್ನು ಕೇಳೋಣ.